ಅವ್ವ ಮುಗಿಸಿದ ಕಥೆ

ಹೋದ ವರ್ಷದ ಶಿವರಾತ್ರಿಗೆ ಕುದೇರಿನ ಭಕ್ತರ ಪರಸೆಯ ಜೊತೆ ನಾನೂ ಅವ್ವನೂ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗಿದ್ದೆವು. ಗುಂಡ್ಲುಪೇಟೆಯಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ. ಅವ್ವ ಕುದೇರಿನಿಂದ ಬಂದಾಗಲೆಲ್ಲ ಅಲ್ಲೇ ಮೂಲೆಯಲ್ಲಿ ಕೂತು, ಬ್ಲೌಸಿಗೆ ಹುಕ್ಕು ಹಾಕುತ್ತಾ ಮಾದಪ್ಪನ ಕಥೆ ಗುನುಗುತ್ತಾಳೆ. ಗಿರಾಕಿಗಳ ಮುಂದೆ ನನಗೆ ಮುಜುಗರ. "ಸುಮ್ನಿರವ್ವ" ಎಂದು ಎಷ್ಟು ಸಲ ಗದರಿದ್ದೇನೋ.

ಕಂಸಾಳೆ ಎಂಬ ಕಂಚಿನ ತಾಳ ತಟ್ಟುತ್ತಾ ಮಾದಪ್ಪನ ಕಥೆ ಹಾಡುವವರನ್ನು ನಮ್ಮಲ್ಲಿ ಗುಡ್ಡಪ್ಪ ಎನ್ನುತ್ತಾರೆ; ಅವ್ವನ ಅಪ್ಪನೂ ಅಂಥ ಗುಡ್ಡಪ್ಪ. ಊರ ಗಂಡಸರಿಗೆ ಕಲಿಸಿದ, ಮಗಳಿಗೆ ಕಲಿಸಲಿಲ್ಲ. ರಾಗಿ ಬೀಸುತ್ತಾ ಕೇಳಿಸಿಕೊಂಡದ್ದೇ ಅವ್ವನ ಪಾಠ.

ನಮ್ಮ ಪರಸೆಯಲ್ಲೊಂದು ಕಟ್ಟುಪಾಡಿದೆ. ಬೆಟ್ಟದ ಬುಡದ ತಾಳುಬೆಟ್ಟದಲ್ಲಿ ಶ್ರವಣ ದೊರೆಯ ಕಥೆ ಹಾಡಿಸಿಯೇ ಮೇಲೆ ಹತ್ತಬೇಕು. ದೇವತೆಗಳನ್ನು ಸೆರೆಯಿಟ್ಟು ದುಡಿಸಿಕೊಳ್ಳುತ್ತಿದ್ದ ಆ ದೊರೆಯನ್ನು ಮಾದಪ್ಪ ಅರಗಿನ ಪಾದರಕ್ಷೆ ಮೆಟ್ಟಿಸಿ ಸುಟ್ಟು ಕೊಂದ ಕಥೆ. ಶ್ರವಣ ಸಾಯುವ ತನಕ ಯಾರೂ ಹೊರಡುವ ಹಾಗಿಲ್ಲ. ಅರ್ಧಕ್ಕೆ ಬಿಟ್ಟರೆ ಹರಕೆ ಸಲ್ಲುವುದಿಲ್ಲ ಎಂಬ ನಂಬಿಕೆ.

ಅವತ್ತು ಮಧ್ಯಾಹ್ನ ಮರದಡಿ ಕಥೆ ಶುರುವಾಯಿತು. ದಿನಗಟ್ಟಲೆ ದಾರಿಯ ಧೂಳು ಕುಡಿದಿದ್ದ ನಮ್ಮ ಪರಸೆಯ ಗುಡ್ಡಪ್ಪನ ಗಂಟಲು, ಮಾದಪ್ಪ ಶ್ರವಣನ ಬಾಗಿಲಿಗೆ ಬರುವ ಹೊತ್ತಿಗೆ ಕಟ್ಟಿಹೋಯಿತು. ಬಿಸಿನೀರು ಕುಡಿಸಿದರು, ಜೀರಿಗೆ ಅಗಿಸಿದರು. ಬಾಯಿ ತೆರೆದರೆ ಬರೀ ಗಾಳಿ. ಇಷ್ಟು ದೂರ ಬಂದು ಬೆಟ್ಟ ಹತ್ತದೆ ತಿರುಗಬೇಕೇ ಎಂದು ಹಿರಿಯರು ಮುಖ ಮುಖ ನೋಡಿಕೊಂಡರು.

ಅವ್ವ ಸೆರಗು ಸೊಂಟಕ್ಕೆ ಸಿಗಿಸಿ ಎದ್ದಳು. ಜನ ನಗುತ್ತಾರೆ ಎಂದು ನಾನು ಸೀರೆ ಹಿಡಿದು ಎಳೆದೆ. ಹೆಂಗಸು ಹಾಡುವುದುಂಟೇ ಎಂದು ಒಬ್ಬ ಗೊಣಗಿದ. ಅವ್ವ ಯಾರನ್ನೂ ನೋಡದೆ ಗುಡ್ಡಪ್ಪನಿಗೆ ಹೇಳಿದಳು: "ನಾನು ಕಂಸಾಳೆ ಮುಟ್ಟಾಕಿಲ್ಲ ಕಣಣ್ಣ. ನೀ ತಟ್ಟು, ಕತೆ ನಾ ಮುಗುಸ್ತೀನಿ."

ಈ ಗುಡ್ಡಪ್ಪ ನನ್ನ ತಾತನ ಶಿಷ್ಯ. ಕಂಸಾಳೆ ಎತ್ತಿಕೊಂಡು ತಟ್ಟತೊಡಗಿದ.

ಅವ್ವ ಒಂದು ಸೊಲ್ಲೂ ತಪ್ಪಲಿಲ್ಲ. ಅಂಗಡಿಯ ಮೂಲೆಯಲ್ಲಿ ನಾನು ಅದುಮಿಟ್ಟಿದ್ದ ದನಿ ಇಷ್ಟು ದೊಡ್ಡದೆಂದು ನನಗೆ ಗೊತ್ತೇ ಇರಲಿಲ್ಲ. ಅರಗು ಕರಗಿ ಶ್ರವಣ ಬೆಂದು ಬಿದ್ದಾಗ ಇಡೀ ಪರಸೆ "ಉಘೇ ಮಾದಪ್ಪ" ಎನ್ನುತ್ತಾ ಎದ್ದು ನಿಂತಿತು. ಗೊಣಗಿದವನೂ ಕೈಮುಗಿದ. ಬೇರೆ ಊರಿನ ಹಿರಿಯರೊಬ್ಬರು ನನ್ನ ಹತ್ತಿರ ಬಂದು, "ಈಯಮ್ಮ ಯಾರವ್ವ?" ಎಂದರು.

"ನಮ್ಮವ್ವ" ಎಂದೆ. ಆ ಒಂದು ಮಾತು ಹೇಳುವಾಗ ಆದ ಹೆಮ್ಮೆ ಇನ್ನೂ ಇಳಿದಿಲ್ಲ. ಬೆಟ್ಟ ಹತ್ತಿದ ಸುಸ್ತೂ ಅವತ್ತು ಗೊತ್ತಾಗಲಿಲ್ಲ.

ಈಗ ಅಂಗಡಿಯಲ್ಲಿ ಅವ್ವ ಗುನುಗತೊಡಗಿದರೆ ನಾನು ಮಿಷನ್ ನಿಲ್ಲಿಸುತ್ತೇನೆ. ಬ್ಲೌಸ್ ಆಯ್ತಾ ಎಂದು ಅವಸರ ಮಾಡುವವರಿಗೆ ಸ್ಟೂಲ್ ತೋರಿಸಿ ಹೇಳುತ್ತೇನೆ: "ಒಂದು ಗಳಿಗೆ ಕೂತ್ಕೊಳಿ ಅಕ್ಕ. ಶ್ರವಣ ಇನ್ನೂ ಸತ್ತಿಲ್ಲ."