ಎತ್ತಿನ ಮೋರೆಯ ಬಾಟಲಿ

ತುಂಬಿರುವಾಗ ಇಲ್ಲದ ಮರ್ಯಾದೆ ಬಾಟಲಿಗೆ ಬರಿದಾದ ಮೇಲೆ ಬರುತ್ತದೆ ಎಂಬ ಸತ್ಯವನ್ನು ನಾನು ನಮ್ಮ ಅಡಿಗೆಮನೆಯ ಗೂಡಿನಲ್ಲಿ ದಿನವೂ ಕಾಣುತ್ತೇನೆ. ಅಲ್ಲಿ ಉಪ್ಪಿನಕಾಯಿಯ ಭರಣಿಯ ಪಕ್ಕದಲ್ಲಿ, ಹೊಟ್ಟೆಯ ತುಂಬ ಕುಸುಬಿ ಎಣ್ಣೆ ತುಂಬಿಕೊಂಡು, ಬಾಯಿಗೆ ಅರಿವೆಯ ಚೂರು ತುರುಕಿಸಿಕೊಂಡು ಒಂದು ವಿಲಾಯತಿ ವಿಸ್ಕಿಯ ಬಾಟಲಿ ಪರಮ ಸಾತ್ವಿಕನಂತೆ ನಿಂತಿದೆ. ಅದರ ಎದೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ದೊಡ್ಡ ಕೊಂಬಿನ ಎತ್ತೊಂದರ ಮೋರೆಯಿದೆ. ಮನೆಗೆ ಬಂದ ಅತಿಥಿಗಳಲ್ಲಿ ಒಬ್ಬರಾದರೂ ಎಣ್ಣೆ ಯಾವ ಗಾಣದ್ದೆಂದು ಕೇಳಿದ್ದಿಲ್ಲ. ಬಾಟಲಿ ಎಲ್ಲಿಯದು, ಯಾತಕ್ಕೆ ತಂದಿದ್ದಿರಿ, ಇದನ್ನೇ ಕೇಳುತ್ತಾರೆ. ಗೋಕಾಕದ ಹೈಸ್ಕೂಲಿನಲ್ಲಿ ಹುಡುಗರಿಗೆ ಕಾರ್ಯಕಾರಣ ಸಂಬಂಧವನ್ನು ವರ್ಷಗಟ್ಟಲೆ ಬೋಧಿಸಿದ ಈ ಮಾಸ್ತರನಿಗೆ ಆ ಒಂದು ಪ್ರಶ್ನೆಗೆ ಉತ್ತರ ಕೊಡಲು ಬಹಳ ದಿನ ಬಾಯಿ ಬರುತ್ತಿರಲಿಲ್ಲ.

ಕಾರಣಗಳಿಗೇನೂ ನನ್ನಲ್ಲಿ ಬರವಿರಲಿಲ್ಲ, ಓದುಗರೇ. ಕಾರಣ ಹೇಳುವುದೇ ನಮ್ಮ ಮಂಡಳಿಯ ಮುಖ್ಯ ಕಸುಬಾಗಿತ್ತು. ಮಂಡಳಿಯೆಂದರೆ ಮೂವರೇ: ಮೂಡಲಗಿಯ ಅಡತಿ ವ್ಯಾಪಾರಿ ಶಿವಲಿಂಗಪ್ಪ, ಹುಕ್ಕೇರಿಯ ವಕೀಲ ಗೋವಿಂದರಾಯರು, ಮತ್ತು ನಾನು. ತಿಂಗಳಿಗೊಂದು ರವಿವಾರ, ಊಟವಾದ ಮೇಲೆ, ಶಿವಲಿಂಗಪ್ಪನ ವಖಾರದಲ್ಲಿ ಬೆಲ್ಲದ ಪೆಂಟೆಗಳ ಹಿಂದೆ ನಾವು ಕೂಡುತ್ತಿದ್ದೆವು. ಬೆಲ್ಲದ ವಾಸನೆ ಉಳಿದೆಲ್ಲ ವಾಸನೆಗಳನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತದೆಂಬುದು ಆ ಸ್ಥಳದ ಮಹಿಮೆ. ಸರದಿಯ ಮೇಲೆ ಒಬ್ಬೊಬ್ಬರು ಬೆಳಗಾವಿಯ ದಂಡಿನ ಕ್ಯಾಂಪಿನಿಂದ ಒಂದೊಂದು ಬಾಟಲಿ ತರಬೇಕು, ತಂದವನು ಅದನ್ನೇ ಯಾಕೆ ಆರಿಸಿದನೆಂಬುದಕ್ಕೆ ಸಮರ್ಪಕವಾದ ಕಾರಣ ಹೇಳಬೇಕು, ಕಾರಣ ಉಳಿದಿಬ್ಬರಿಗೆ ಒಪ್ಪಿಗೆಯಾಗದಿದ್ದರೆ ಬಿರಡೆ ತೆಗೆಯಕೂಡದು. ವಕೀಲರು ರಚಿಸಿದ ಈ ಕಠೋರ ಕಾನೂನಿನಿಂದ ಬಿರಡೆ ತೆಗೆಯದೆ ಉಳಿದ ಬಾಟಲಿ ಮಾತ್ರ ಒಂದೂ ಇಲ್ಲ.

ಶಿವಲಿಂಗಪ್ಪ ಬಾಟಲಿಗಳನ್ನು ಕೈಯಲ್ಲಿ ತೂಗಿ ನೋಡಿ ತರುತ್ತಿದ್ದ. ಹತ್ತಿಯಾಗಲಿ, ಶೇಂಗಾ ಆಗಲಿ, ಮನುಷ್ಯನಾಗಲಿ, ತೂಕದಲ್ಲಿ ಹೆಚ್ಚಿದ್ದದ್ದೇ ಉತ್ತಮವೆಂಬುದು ಅವನ ಜೀವನಸಿದ್ಧಾಂತ. ಒಮ್ಮೆ ಎಲ್ಲಕ್ಕಿಂತ ಭಾರವಾದದ್ದನ್ನು ಆರಿಸಿ ತಂದು, “ಹಿಡದ ನೋಡ್ರಿ ಮಾಸ್ತರ, ಕೈ ಜಗ್ಗತೈತಿ!” ಎಂದು ಹಿಗ್ಗಿದ. ಮುಗಿಸಿದ ಮೇಲೆ ನೋಡಿದರೆ ಬಾಟಲಿಯ ತಳದ ಗಾಜೇ ಮೂರು ಬೆರಳು ದಪ್ಪವಿತ್ತು. ವ್ಯಾಪಾರದಲ್ಲಿ ಊರಿಗೆಲ್ಲ ತೂಗಿ ಕೊಡುವವನಿಗೆ ಸ್ಕಾಟ್ಲಂಡಿನವನೊಬ್ಬ ಗಾಜನ್ನೇ ತೂಗಿ ಕೊಟ್ಟಿದ್ದ. ಈ ಶಿವಲಿಂಗಪ್ಪ ಮೊದಲ ಗುಟುಕಿಗಿಂತ ಮುಂಚೆ ಹಣೆಯ ವಿಭೂತಿಯನ್ನು ಹೆಗಲ ವಸ್ತ್ರದಿಂದ ಒರೆಸಿಕೊಳ್ಳುವನು, ಕೊನೆಯ ಗುಟುಕಾದ ಮೇಲೆ ಕೈಕಾಲು ತೊಳೆದು ಮತ್ತೆ ಧರಿಸುವನು. ನಡುವಿನ ಅವಧಿಯಲ್ಲಿ ಅಲ್ಲಿ ಕೂತಿದ್ದವನು ತಾನಲ್ಲವೆಂದು ಅವನ ವಾದವಿತ್ತು.

ಗೋವಿಂದರಾಯರದು ಬೇರೆ ಪಂಥ. ಯಾವ ಚೀಟಿಯ ಮೇಲೆ ಅಕ್ಷರ ಹೆಚ್ಚೋ, ಮುದ್ರೆ ಹೆಚ್ಚೋ, ಕೆಳಗಡೆ ಸೊಟ್ಟ ಸಹಿ ಇದೆಯೋ ಅದನ್ನೇ ತರುವರು. “ಇಷ್ಟು ಮಂದಿ ಸಾಕ್ಷಿ ಹಾಕಿದ ಕಾಗದ ಸುಳ್ಳ ಇರಾಕ ಸಾಧ್ಯ ಇಲ್ರಿ” ಎಂದು ಚೀಟಿಯನ್ನು ದಸ್ತಾವೇಜಿನಂತೆ ಬೆರಳಾಡಿಸಿ ತೋರಿಸುವರು. ಸ್ವತಃ ಎಷ್ಟು ಸುಳ್ಳು ಕಾಗದಗಳಿಗೆ ಎಷ್ಟು ಸಾಕ್ಷಿ ಹಾಕಿಸಿದ್ದರೆಂಬುದನ್ನು ಆ ಹೊತ್ತಿಗೆ ಮರೆತಿರುತ್ತಿದ್ದರು.

ರುಚಿಯ ಮಾತನ್ನು ನಮ್ಮಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತುವ ಹಾಗಿರಲಿಲ್ಲ. ಎಷ್ಟೇ ವರ್ಷ ಪೀಪಾಯಿಯಲ್ಲಿ ತಪಸ್ಸು ಮಾಡಿದ ದ್ರವವಾದರೂ ನಮ್ಮ ಗಂಟಲಿಗಿಳಿಯುವಾಗ ಮೂವರ ಮುಖವೂ ಹರಳೆಣ್ಣೆ ಕುಡಿದ ಮುಖವೇ ಆಗುತ್ತಿತ್ತು. “ಚಲೋ ಐತಿ, ಆದರ ಒಂದೀಟು ಬೆಲ್ಲ ಬೇಕಾಗಿತ್ತು” ಎಂದು ಶಿವಲಿಂಗಪ್ಪ ಪ್ರತಿ ಸಲವೂ ತೀರ್ಪು ಕೊಡುವನು. ಹಾಗಿದ್ದರೆ ಕುಡಿಯುವುದೇಕೆಂದು ನೀವು ಕೇಳಬಹುದು. ದಯವಿಟ್ಟು ಕೇಳಬೇಡಿ, ಅದು ಮಂಡಳಿಯ ನಿಯಮಾವಳಿಯಲ್ಲಿಲ್ಲದ ಪ್ರಶ್ನೆ.

ಇನ್ನು ನನ್ನ ಎತ್ತಿನ ಬಾಟಲಿ. ಮಂಡಳಿಯ ಮುಂದೆ ಮಂಡಿಸಲೆಂದು ನಾನು ಸಿದ್ಧಪಡಿಸಿಕೊಂಡಿದ್ದ ಕಾರಣ ಘನವಾದದ್ದೇ ಆಗಿತ್ತು: ಎತ್ತೆಂದರೆ ನಂದಿ, ನಂದಿಯ ಲಾಂಛನ ಧರಿಸಿ ಬಂದ ವಸ್ತು ಶಿವಭಕ್ತನಿಗೆ ನಿಷಿದ್ಧವಾಗುವುದು ಹೇಗೆ? ನಿಜವಾದ ಕಾರಣ ಇಷ್ಟು ಘನವಲ್ಲ. ಕ್ಯಾಂಪಿನ ಪಾರ್ಸಿ ಅಂಗಡಿಯ ಮುದುಕ, ಮೊಳಕೈಯಲ್ಲಿ ಹರಿದ ನನ್ನ ಕೋಟನ್ನು ನೋಡಿಯೂ ನೋಡದವನಂತೆ, “ಆಯಿಯೇ ಸಾಹೇಬ್” ಎಂದು ಕುರ್ಚಿ ಎಳೆದು ಕೊಟ್ಟ. ನನ್ನ ಶಾಲೆಯಲ್ಲಿ ನನಗೆ ಕುರ್ಚಿ ಎಳೆದು ಕೊಟ್ಟವರು ಇವತ್ತಿನವರೆಗೂ ಯಾರೂ ಇಲ್ಲ. ಎಳೆದವರಿದ್ದಾರೆ, ನಾನು ಕೂಡುವ ಹೊತ್ತಿಗೆ. ಸಾಹೇಬನಾದ ಮೇಲೆ ಅವನು ಮುಂದಿಟ್ಟದ್ದನ್ನು ಬೇಡವೆನ್ನಲು ಬಾಯಿ ಬರಲಿಲ್ಲ, ಅವನು ಮುಂದಿಟ್ಟದ್ದು ಎತ್ತಿನ ಮೋರೆಯದು.

ಮನೆಯಲ್ಲಿ ಹೆಂಡತಿ ನೀಲವ್ವನಿಗೆ ಹೇಳಿದ ಕಾರಣ ಮೂರನೆಯದು, ಕೆಮ್ಮು. “ಕೆಮ್ಮು ಮೂಡಲಗಿಗೆ ಹೋದಾಗಷ್ಟ ಬರತೈತೇನ್ರಿ?” ಎಂದು ಅವಳು ಒಂದೇ ಪ್ರಶ್ನೆ ಕೇಳಿ ಬಿಟ್ಟಿದ್ದಳು. ಅವಳಿಗಿದ್ದ ಭಯ ನನ್ನ ಆರೋಗ್ಯದ್ದಲ್ಲ, ಅವಳ ತಂದೆಯದು.

ನಮ್ಮ ಮಾವನವರಾದ ಚನ್ನಬಸಪ್ಪನವರು ಯಮಕನಮರಡಿಯ ಒಕ್ಕಲಿಗರು, ಆಚಾರವಂತರು, ಆಡಿದರೆ ಮುಗಿಯಿತು. ದಾರೂ ಇದ್ದ ಮನೆಯಲ್ಲಿ ನೀರು ಮುಟ್ಟುವುದಿಲ್ಲವೆಂದು ಅವರ ಆಣೆ. ಹುಕ್ಕೇರಿಯಲ್ಲಿ ಬೀಗರ ಮನೆಯ ಮದುವೆಯಲ್ಲಿ ವರನ ಕಾಕಾ ಹತ್ತಿರ ಬಂದು ನಮಸ್ಕರಿಸಿದಾಗ ವಾಸನೆ ಹಿಡಿದು, ಹಾಕಿದ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದವರು, ಬಾಯಿಗೆ ಹನಿ ನೀರು ಹಾಕದೆ ನಡೆದೇ ಊರು ಸೇರಿದರು. ಆ ಮನೆಯ ಹೊಸ್ತಿಲನ್ನು ಮತ್ತೆ ತುಳಿದಿಲ್ಲ. ಬಿಳಿ ಟೊಪ್ಪಿಗೆಯ ಸ್ವಯಂಸೇವಕರು ಯಮಕನಮರಡಿಯ ಸರಾಯಿ ಅಂಗಡಿಯ ಮುಂದೆ ಅಡ್ಡ ಮಲಗಿದಾಗ ಎಲ್ಲರಿಗಿಂತ ಮೊದಲು ಮಲಗಿ, ಎಲ್ಲರಿಗಿಂತ ಕೊನೆಗೆ ಎದ್ದವರೂ ಅವರೇ. ಅಂಗಡಿ ಮುಚ್ಚಿತು. ತಾಯಿಯಿಲ್ಲದ ನೀಲವ್ವನಿಗೆ ತವರೆಂದರೆ ಈ ಒಬ್ಬ ತಂದೆ. “ನನ್ನ ತವರು ನಿಮ್ಮ ಬಾಟ್ಲಿಯೊಳಗ ಮುಳುಗಬಾರ್ದು, ಇಷ್ಟ ನೋಡ್ಕೋರಿ” ಎಂದಿದ್ದಳು. ಎಂದವಳ ಕಣ್ಣಲ್ಲಿ ನೀರಿತ್ತು. ನಾನು ಆ ಮಾತನ್ನು ಗಂಭೀರವಾಗಿ ಪರಿಗಣಿಸಿ ಬಾಟಲಿಯನ್ನು ಜೋಳದ ಚೀಲದ ಒಳಗೆ ಹುಗಿದಿಟ್ಟೆ.

ಪುಸ್ತಕ ಓದಿದವನು ಮಾಡುವ ತಪ್ಪು ಇದೇ. ಆ ಜೋಳ ಮಾವನವರೇ ತಮ್ಮ ಹೊಲದಿಂದ ಕಳಿಸಿದ್ದು. ಚೀಲವನ್ನು ಕಂಡ ಒಕ್ಕಲಿಗ ಮೊದಲು ಅದರಲ್ಲಿ ಮೊಳಕೈವರೆಗೆ ಕೈ ತೂರಿಸಿ, ನಡುವಿನ ಕಾಳು ತೆಗೆದು, ನುಸಿ ಹತ್ತಿದೆಯೋ ಹೇಗೆಂದು ನೋಡದೆ ಕೂಡುವವನಲ್ಲ ಎಂಬುದು ಕುರಿ ಕಾಯುವವನಿಗೂ ಗೊತ್ತು, ನನಗೆ ಮಾತ್ರ ಹೊಳೆಯಲಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ಸರ್ವಿಸ್ ಮೋಟಾರಿನಿಂದಿಳಿದು ಮಾವನವರು ಹೇಳದೆ ಕೇಳದೆ ಬಂದರು. ನೀಲವ್ವ ಹಿಂದಿನ ಓಣಿಯ ಬಾವಿಗೆ ಹೋಗಿದ್ದಳು. ನಾನು ಕುರ್ಚಿಯಲ್ಲಿ ಕೂತು ಹುಡುಗರ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಬರ್ರಿ, ಕೂಡ್ರಿ ಎನ್ನುವಷ್ಟರಲ್ಲಿ ಅವರ ಬಲಗೈ ಚೀಲದೊಳಗೆ ಹೋಗಿತ್ತು. ಕೈ ಹೊರಗೆ ಬಂದಾಗ ಅದರಲ್ಲಿ ಜೋಳವಿರಲಿಲ್ಲ.

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಇಂಗ್ಲಿಷು ಬಾರದು, ಚಿತ್ರ ತಿಳಿಯುತ್ತದೆ. ಸಂತೆಯಲ್ಲಿ ಸಿಗುವ ದನದ ಔಷಧದ ಪೊಟ್ಟಣಗಳ ಮೇಲೆಲ್ಲ ಎತ್ತಿನ ಚಿತ್ರ ಇದ್ದೇ ಇರುತ್ತದಲ್ಲ!

“ಮಾಸ್ತರ, ಎತ್ತು ಯಾವಾಗ ತಗೊಂಡ್ರಿ?” ಎಂದರು. ನನ್ನ ಉತ್ತರಕ್ಕೆ ಕಾಯದೆ ಹಿತ್ತಲ ಬಾಗಿಲಿಗೆ ಹೋಗಿ ಇಣುಕಿದರು. ಅಲ್ಲಿ ನಾಲ್ಕು ಬದನೆ ಗಿಡಗಳ ಹೊರತು ಯಾವ ಜೀವಿಯೂ ಇರಲಿಲ್ಲ. “ಎಲ್ಲಿ ಕಟ್ಟೀರಿ? ಕಾಣವಲ್ದು.”

ದೇವರು ದೊಡ್ಡವನೆಂದುಕೊಂಡೆ. ನಮ್ಮ ಶಾಲೆಯ ಹೆಡ್‌ಮಾಸ್ತರರಿಗೆ ಮನಸ್ಸಿನಲ್ಲೇ ಒಂದು ಎತ್ತನ್ನು ದಯಪಾಲಿಸಿ, ಅದಕ್ಕೊಂದು ರೋಗವನ್ನೂ ದಯಪಾಲಿಸಿ, ಸುಳ್ಳನ್ನು ನಾಲಗೆಯ ತುದಿಗೆ ತಂದಿದ್ದೆ. ಅಷ್ಟರಲ್ಲಿ, ಬಾವಿಯಿಂದ ಬಂದು ತಂದೆಯ ದನಿ ಕೇಳಿದ ನೀಲವ್ವ ತಂಬಿಗೆಯಲ್ಲಿ ನೀರು, ತಾಟಿನಲ್ಲಿ ಬೆಲ್ಲ ಹಿಡಿದು ಒಳಗೆ ಬಂದವಳು ತಂದೆಯ ಕೈಯಲ್ಲಿದ್ದುದನ್ನು ಕಂಡಳು, ಪ್ರಶ್ನೆಯನ್ನೂ ಕೇಳಿದಳು. ಎಷ್ಟು ದಿನದ ಸಿಟ್ಟೋ ಏನೋ.

“ಹಿತ್ತಲಾಗ ಯಾಕ ಹುಡುಕ್ತಿಯಪ್ಪಾ? ಎತ್ತು ಇಲ್ಲೇ ಕುಂತೈತಲ್ಲ, ಕುರ್ಚಿ ಮ್ಯಾಲ.”

ಮಾವನವರು ನನ್ನನ್ನು ನೋಡಿದರು. ಜಾತ್ರೆಯಲ್ಲಿ ದನ ಕೊಳ್ಳುವವರು ಕೊಂಬಿನಿಂದ ಬಾಲದವರೆಗೆ ನೋಡುವ ನೋಟ ಅದು, ಬಾಯಿ ತೆರೆಸಿ ಹಲ್ಲು ಎಣಿಸುವುದೊಂದು ಬಾಕಿ. ಆಮೇಲೆ ಬಿರಡೆ ಸಡಿಲಿಸಿ ವಾಸನೆ ನೋಡಿದರು. ನೀಲವ್ವ ತಂಬಿಗೆ ಚಾಚಿದಳು. ಅವರು ತೆಗೆದುಕೊಳ್ಳಲಿಲ್ಲ.

ಗೋಡೆಗೆ ಹೇಳುವವರಂತೆ ಮುಖ ತಿರುಗಿಸಿ ಹೇಳಿದರು: “ನಮ್ಮ ಎಡಗಡಿ ಎತ್ತು ಮೂರು ದಿನದಿಂದ ಮೇವು ಮುಟ್ಟಿಲ್ಲ. ಘೋಡಗೇರಿಯಿಂದ ದನದ ವೈದ್ಯ ಬಂದಿದ್ದ. ಕಡಕ್ ಸರಾಯಿಗೆ ಬೆಲ್ಲ, ಅಜವಾನ ಕೂಡಿಸಿ ಗೊಟ್ಟ ಹಾಕಂದ. ನಮ್ಮೂರಾಗ ಅಂಗಡಿ ಎಲ್ಲೈತಿ, ನಾನ ಮುಚ್ಚಿಸೀನಿ. ಗೋಕಾಕದಾಗ ಅಳಿಯಾರ ಕೈಲಿ ಗುಟ್ಟಾಗಿ ತರಿಸಬೇಕಂತ ಬಂದೆ.” ಬಾಟಲಿಯನ್ನು ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡರು. “ಮೋಟಾರು ಹೊತ್ತಾತು” ಎಂದು ಹೊರಟೇಹೋದರು. ಬಿದಿರಿನ ಗೊಟ್ಟದಲ್ಲಿ ಎತ್ತಿನ ಗಂಟಲಿಗಿಳಿಯಲೆಂದು ನನ್ನ ಘನವಾದ ಕಾರಣ, ನನ್ನ ಸಾಹೇಬಗಿರಿ, ಎಲ್ಲವೂ ಯಮಕನಮರಡಿಯ ದಾರಿ ಹಿಡಿದವು. ನೀಲವ್ವ ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಅಲ್ಲಿಯೇ ಕೂತಳು. “ಹೋತಲ್ರಿ ನನ್ನ ತವರು” ಎಂದಳು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನದ ರವಿವಾರ ಸರದಿ ನನ್ನದು. ಬರಿಗೈಯಲ್ಲಿ ಮೂಡಲಗಿಗೆ ಹೋಗಿ ನಡೆದುದನ್ನು ಹೇಳಿದೆ. ಗೋವಿಂದರಾಯರು ಕಣ್ಣು ಮುಚ್ಚಿ ಕೇಳಿ, ಇಷ್ಟು ದಿನದಲ್ಲಿ ಮಂಡಳಿಯ ಮುಂದೆ ಬಂದ ಖರೆ ಕಾರಣ ಇದೊಂದೇ ಎಂದು ಸರ್ವಾನುಮತದ ತೀರ್ಪು ಕೊಟ್ಟರು. “ಎತ್ತಿನ ಪಾಲಿಗೆ ಬೆಲ್ಲನೂ ಬಂತು ನೋಡ್ರಿ” ಎಂದು ಶಿವಲಿಂಗಪ್ಪ ಅಸೂಯೆಪಟ್ಟ. ಸಭೆ ವ್ಯರ್ಥವಾಗಬಾರದೆಂದು ವಕೀಲರ ಹಳೆಯ ಬಾಟಲಿಯ ತಳದಲ್ಲಿದ್ದುದನ್ನು ನನಗೂ ಸುರಿದರು. ಆ ತಂಬಿಗೆ ಹೊಸ್ತಿಲ ಮೇಲೆಯೇ ನಿಂತಂತೆ ಕಣ್ಣಿಗೆ ಕಟ್ಟಿ, ಕುಡಿಯಲಾಗಲಿಲ್ಲ.

ಹತ್ತು ಹನ್ನೆರಡು ದಿನ ಸುದ್ದಿಯಿಲ್ಲ. ನೀಲವ್ವ ಮೋಟಾರಿನ ಭೋಂಕು ಕೇಳಿದಾಗೊಮ್ಮೆ ಬಾಗಿಲಿಗೆ ಬರುವಳು, ನನ್ನೊಡನೆ ಮಾತಿಲ್ಲ. ಕಡೆಗೊಂದು ದಿನ ಮಾವನವರು ಬಂದರು. ಜೋಳದ ಚೀಲದ ಕಡೆ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತು, “ನೀರು ತಾರವ್ವಾ” ಎಂದರು.

ನೀಲವ್ವ ನಂಬಲಾರದೆ ತಂದೆಯ ಮುಖ ನೋಡಿದಳು.

“ಹಂಗ್ಯಾಕ ನೋಡ್ತಿ? ಆ ಬಾಟ್ಲಿ ನಾಕು ದಿನ ನನ್ನ ಮನಿಯಾಗಿತ್ತು. ಗೊಟ್ಟ ಹಾಕೂ ಮುಂದ ಎತ್ತು ತಲಿ ಝಾಡಿಸಿ ಅರ್ಧಾ ನನ್ನ ಮೀಸಿಗೇ ಉಗುಳ್ತು. ನನ್ನ ಆಣಿ ಪ್ರಕಾರ ನನ್ನ ಮನಿ ನೀರು ನಾ ಕುಡಿಯೂ ಹಂಗಿಲ್ಲ. ನೀರಡಿಸಿದಾಗೊಮ್ಮೆ ಹೊಲದ ಬಾವಿಗೆ ಹೋಗಿ ಬಂದೆ. ಈ ವಯಸ್ಸಿನ್ಯಾಗ ಎಷ್ಟಂತ ಅಡ್ಡಾಡಲಿ? ಮಗಳ ಮನ್ಯಾಗರ ಕುಡೀತೇನಿ, ತಾ.”

ನೀಲವ್ವ ಓಡಿಹೋಗಿ ತಂದ ತಂಬಿಗೆಯನ್ನು ಅವರು ಎತ್ತಿ ಗಟಗಟನೆ ಅರ್ಧ ಕುಡಿದರು. ಉಳಿದ ಅರ್ಧವನ್ನು ನನ್ನ ಕೈಗೆ ಕೊಟ್ಟರು. ನಾನು ಕುಡಿದೆ. ಸ್ಕಾಟ್ಲಂಡಿನ ಯಾವ ತಪಸ್ವಿ ದ್ರವವೂ ನನ್ನ ಗಂಟಲಿಗೆ ಅಷ್ಟು ರುಚಿಸಿರಲಿಲ್ಲ, ಮುಖವೂ ಸೊಟ್ಟಗಾಗಲಿಲ್ಲ. ಆಮೇಲೆ ಅವರು ಹೆಗಲ ವಸ್ತ್ರ ಬಿಚ್ಚಿ, ಹೊಸ ಕುಸುಬಿ ಎಣ್ಣೆ ತುಂಬಿದ ಆ ಬಾಟಲಿಯನ್ನು ಮಗಳ ಮಡಿಲಿಗೆ ಹಾಕಿದರು.

“ನಮ್ಮ ಎತ್ತು ಮೇವು ತಿನ್ನಾಕತ್ತೈತಿ” ಎಂದರು. “ನಿಮ್ಮದು?”

“ಈಗ ನೀರು ಕುಡೀತಪ್ಪಾ” ಎಂದಳು ನೀಲವ್ವ.

ಮೂಡಲಗಿಗೆ ನಾನು ಈಗಲೂ ಹೋಗುತ್ತೇನೆ. ಕಾರಣಗಳನ್ನು ಕೇಳುತ್ತೇನೆ, ತಪ್ಪು ಹುಡುಕುತ್ತೇನೆ, ಸುರಿಯುವಾಗ ಮಾತ್ರ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಸುಮ್ಮನಿರುತ್ತೇನೆ. ನಾನು ಸಂತನಾದೆನೆಂದು ತಿಳಿಯಬೇಡಿ, ಆ ಬೆಲ್ಲವೇ ಬಲು ಚಲೋದಿದೆ.

ಮನೆಗೆ ಬಂದವರು ಇಂದಿಗೂ ಅಡಿಗೆಮನೆಯ ಗೂಡಿನತ್ತ ಕಣ್ಣು ಹಾಯಿಸಿ, ಮಾಸ್ತರ, ಆ ಬಾಟಲಿ ಯಾತಕ್ಕೆ ತಂದಿದ್ದಿರಿ ಎಂದು ಕೇಳುತ್ತಾರೆ. ನನಗೀಗ ಉತ್ತರಕ್ಕೆ ತಡವರಿಸುವ ಪ್ರಸಂಗವಿಲ್ಲ. ಎತ್ತಿಗೆ ಜಡ್ಡಾಗಿತ್ತು, ಔಷಧಕ್ಕೆ ತಂದಿದ್ದೆ ಎನ್ನುತ್ತೇನೆ. ಗುಣವಾಯಿತೇ ಎಂದು ಅವರು ಕೇಳಿದರೆ, ಎಣ್ಣೆ ಸುರಿಯುತ್ತಿರುವ ನೀಲವ್ವ ಒಳಗಿನಿಂದಲೇ ಹೇಳುತ್ತಾಳೆ:

“ಎರಡಕ್ಕೂ ಆತ್ರಿ.”