ಸಹಿಯಿಲ್ಲದ ಪ್ಯಾಕೇಜು

ಆಗ ಔರಂಗಾಬಾದ್ ಎನ್ನುತ್ತಿದ್ದ ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ಹೊಸ ತಂತ್ರಾಂಶಗಳನ್ನು ಸರ್ವರ್ ಒಂದು ಭಂಡಾರದಿಂದ ತೆಗೆದುಕೊಳ್ಳುತ್ತದೆ; ಅದನ್ನು ರೆಪೊ ಎನ್ನುತ್ತಿದ್ದೆವು. ನಮ್ಮ ಇಂಟರ್ನೆಟ್ ತೀರ ನಿಧಾನ. ಹಾಗಾಗಿ ನಾಸಿಕದ ಮುಖ್ಯ ಆಸ್ಪತ್ರೆಯಲ್ಲಿದ್ದ ನನ್ನ ಹಿರಿಯರು, ವಿಜಯಪುರದವರು, ಇಡೀ ರೆಪೊವನ್ನು ಡಿಸ್ಕಿಗೆ ತುಂಬಿ ಬಸ್ಸಿನಲ್ಲಿ ಕಳಿಸುತ್ತಿದ್ದರು. ಕಂಡಕ್ಟರ್ ಅದನ್ನು ನಿಲ್ದಾಣದೆದುರಿನ ಕುಂದಾಪುರದವರ ಹೋಟೆಲಿನ ಗಲ್ಲಾದಲ್ಲಿ ಕೊಡುತ್ತಿದ್ದ. ಕನ್ನಡದವರ ಸಾಮಾನೆಲ್ಲ ಹೀಗೆಯೇ ಓಡಾಡುತ್ತಿತ್ತು.

"ಎಂತ ಇತ್ತ್ ಇದ್ರಂಗೆ, ಬಂಗಾರವಾ?" ಎಂದು ಹೋಟೆಲಿನವರು ಅಂದೂ ನಗುತ್ತ ಡಬ್ಬಿ ಕೊಟ್ಟರು.

ರೆಪೊದ ಪ್ರತಿ ಪ್ಯಾಕೇಜಿಗೂ, ಅಂದರೆ ತಂತ್ರಾಂಶದ ಕಟ್ಟಿಗೂ, ತಯಾರಿಸಿದವರ ಡಿಜಿಟಲ್ ಸಹಿ ಇರುತ್ತದೆ. ಅದು ಹೊಂದದಿದ್ದರೆ ಸರ್ವರ್ ಒಪ್ಪುವುದಿಲ್ಲ. ಆ ಮಧ್ಯಾಹ್ನ, ರೋಗಿಗಳ ದಾಖಲೆ ಇಡುವ ಡೇಟಾಬೇಸಿನ ಪ್ಯಾಕೇಜಿನ ಬಳಿ ಕೆಲಸ ನಿಂತುಬಿಟ್ಟಿತು. ನಾಸಿಕಕ್ಕೆ ಫೋನ್ ಮಾಡಿದೆ.

"ಸರ್, ಒಂದು ಪ್ಯಾಕೇಜಿಂದು ಸಹಿ ಹೊಂದವಲ್ದರಿ."

"ಏನವಾ, ಲಗ್ನಕ್ಕ ಜಾತಕ ಹೊಂದಸ್ಲಿಕತ್ತೀಯೇನು? ನಮ್ಮ ಡಿಸ್ಕು, ನಮ್ಮ ಹೋಟೆಲು, ನಮ್ಮ ಮಂದಿ. ಸಹಿ ಚೆಕ್ ಮಾಡೋದು ಬಂದ್ ಮಾಡಿ ಹಾಕಿಬಿಡು."

ಬಂದ್ ಮಾಡಿದೆ. ಸರ್ವರ್ ಮತ್ತೆ ಚಾಲೂ ಆಯಿತು. ಯಾರಿಗೆ ಯಾವ ಔಷಧಿ ಕೊಟ್ಟಾಗಿದೆ ಎಂದು ತೋರಿಸುವ ಪರದೆ ನೋಡಲು ವಾರ್ಡಿಗೆ ಹೋದೆ. ಎಲ್ಲ ಸರಿಯಿದ್ದಂತೆ ಕಂಡಿತು. ಅಂದಿನ ನಮೂದುಗಳು ಮಾತ್ರ ಇರಲಿಲ್ಲ. ಅದು ನನಗೆ ಹೊಳೆಯುವಷ್ಟರಲ್ಲಿ ಸಿಸ್ಟರ್, ಪರದೆಯಲ್ಲಿ ನಮೂದಿಲ್ಲವೆಂದು, ಒಬ್ಬ ಮುದುಕಿಯ ತೋಳನ್ನು ಸ್ಪಿರಿಟಿನಿಂದ ಒರೆಸುತ್ತಿದ್ದರು, ಕೈಯಲ್ಲಿ ಇನ್ಸುಲಿನ್.

"ಅಹೋ ಸಿಸ್ಟರ್, ಆತ್ತಾಚ್ ದಿಲಂ ನಾ ತುಮ್ಹೀ!" ಈಗಷ್ಟೇ ಕೊಟ್ಟಿರಲ್ಲ ಎಂದು ಮುದುಕಿಯ ಮಗಳು ಕೈ ಅಡ್ಡ ಹಿಡಿದಳು.

ಅವಳು ಚಹಾಕ್ಕೆ ಕೆಳಗೆ ಹೋಗಿದ್ದರೆ? ಆ ಸೂಜಿ ಈಗಲೂ ಕಣ್ಣ ಮುಂದೆ ಬರುತ್ತದೆ.

"ಹೋಟೆಲ್‌ನ್ಯಾಗ ಯಾರೋ ಡಿಸ್ಕಿಗೆ ಕೈ ಹಾಕ್ಯಾರ. ವರದಿಯಾಗ ಹಂಗಂತ ಬರದುಬಿಡು" ಎಂದರು ಹಿರಿಯರು ಫೋನಿನಲ್ಲಿ. ನಾನೂ ನಂಬಿದೆ. ಸಂಜೆ ಹೋಟೆಲಿಗೆ ಹೋಗಿ, ಗಲ್ಲಾದ ಹತ್ತಿರ ಯಾರ್‍ಯಾರು ಸುಳಿಯುತ್ತಾರೆಂದು ನೋಡುತ್ತ ಕುಳಿತೆ. ಹೋಟೆಲಿನವರ ನಗುವಿನಲ್ಲೂ ಏನೋ ಇದ್ದಂತೆ ತೋರಿತು. ಅವರು ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಮರುದಿನ ಡಿಸ್ಕ್ ತೆರೆದು ಒಂದೊಂದೇ ಕಡತ ನೋಡಿದೆ. ರೆಪೊಗಳ ಪಟ್ಟಿಯಲ್ಲಿ ನಾನು ಕಂಡಿರದ ಹೊರಗಿನ ವಿಳಾಸವೊಂದಿತ್ತು. ಅದು ಸೇರಿದ್ದು ಡಿಸ್ಕ್ ಬಸ್ಸು ಹತ್ತುವುದಕ್ಕೆ ಎರಡು ದಿನ ಮೊದಲು, ನಾಸಿಕದಲ್ಲೇ. ಸಹಿ ಹೊಂದದ ಪ್ಯಾಕೇಜು ಆ ವಿಳಾಸದಿಂದಲೇ ಬಂದದ್ದು. ಆವೃತ್ತಿಯ ಸಂಖ್ಯೆ ದೊಡ್ಡದಿದ್ದುದರಿಂದ ಸರ್ವರ್ ಅದನ್ನೇ ಆರಿಸಿತ್ತು.

"ಪ್ರಿಂಟರ್ ಸಲುವಾಗಿ ಹಾಕಿದ್ದೆ. ತಗೀಲಿಕ್ಕೆ ಮರ್ತೆ" ಎಂದರು ಹಿರಿಯರು, ಫೋನ್ ಮಾಡಿ ಕೇಳಿದಾಗ. ಬೆನ್ನಿಗೇ, "ಚೆಕ್ ಬಂದ್ ಮಾಡಿದಾಕಿ ನೀನs ಅಲ್ಲೇನು?"

ಹೌದು. ಅವರು ಮರೆತದ್ದು, ನಾನು ಬಂದ್ ಮಾಡಿದ್ದು, ಎರಡನ್ನೂ ವರದಿಯಲ್ಲಿ ಬರೆದೆ. ವ್ಯವಸ್ಥಾಪಕರು ಓದಿ ಮೇಜಿನ ಖಾನೆಗೆ ಹಾಕಿ, ರೋಗಿಯ ಮನೆಯವರಿಗೆ ಹೇಳುವುದು ಬೇಡ ಎಂದರು. ನಾನು ನೇರ ವಾರ್ಡಿಗೆ ಹೋದೆ. ಮಗಳು ತಾಯಿಯ ಸೀರೆ ಮಡಚುತ್ತಿದ್ದಳು. ನಾನು ಮಾಡಿದ್ದನ್ನು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವಳು ಬೈಯಲಿಲ್ಲ.

"ಹಾಗಾದರೆ ಅದಕ್ಕೂ ಮೊದಲು ಪರದೆಯಲ್ಲಿ ಇದ್ದದ್ದೆಲ್ಲ ಖರೆಯೇ?" ಎಂದು ಕೇಳಿದಳು.

ಗೊತ್ತಿಲ್ಲ ಎಂದೆ.