ರೂತಳ ತಟ್ಟೆಯ ಬೆಲ್ಲ

ಇವತ್ತು ಮಧ್ಯಾಹ್ನ ಸೊಸೆ ಬಡಿಸಿದ ಮುದ್ದೆಯ ಹಬೆ ಮುಖಕ್ಕೆ ತಾಗಿದ್ದೇ ತಡ, ಮಳವಳ್ಳಿ ಹತ್ತಿರದ ನಮ್ಮೂರಿನ ರೂತಳ ಮೇಲೆ ಮತ್ತೆ ಹೊಟ್ಟೆ ಉರಿಯಿತು. ತೊಂಬತ್ತರ ಹತ್ತಿರ ಬಂದರೂ ಆರಿಲ್ಲ ನೋಡಿ. ಮೊಮ್ಮಗಳ ಕೈಯಲ್ಲಿ ಬರೆಸುತ್ತಿದ್ದೇನೆ.

ಅದು ಎರಡನೇ ಮಹಾಯುದ್ಧದ ಕಾಲ, ನನಗೂ ರೂತಳಿಗೂ ಏಳೆಂಟು ವರ್ಷ. ಊರಿಗಿದ್ದ ಒಂದೇ ಕ್ರೈಸ್ತರ ಮನೆ ರೂತಳದು. ಅವಳಿಗಿದ್ದದ್ದು ಒಂದೇ ಲಂಗ, ಆದರೂ ಸದಾ ನಗು. ನಮ್ಮ ಮನೆಯಲ್ಲಿ ಬೆಲ್ಲ ಗುಡಾಣಗಟ್ಟಲೆ ಇತ್ತು. ಆದರೂ ಸಾರಿಗೆ ಉಪ್ಪು ಕಡಿಮೆಯಾದರೆ ಸಾಕು, ಅಪ್ಪ ತಟ್ಟೆಯನ್ನೇ ಅಂಗಳಕ್ಕೆ ಎಸೆಯುತ್ತಿದ್ದ.

"ಅವ್ರ ಮನೇಲಿ ಒಂದ್ ತೊಟ್ಟು ನೀರೂ ಕುಡೀಬ್ಯಾಡ ಕಣಮ್ಮಿ" ಎಂದು ಅವ್ವ ಹೆದರಿಸಿದ್ದಳು. ಹಾಗಾಗಿ ಅವರ ಬಾಗಿಲಲ್ಲೇ ಕೂತು ನೋಡುತ್ತಿದ್ದೆ. ಅವರು ಬಿಸಿ ಮುದ್ದೆಯ ಮುಂದೆ ಕಣ್ಣು ಮುಚ್ಚಿ ದೇವರಿಗೆ ಸ್ತೋತ್ರ ಹೇಳುತ್ತಿದ್ದರು. ರಾಗಿ ಕೊಟ್ಟಿದ್ದಕ್ಕೆ, ನೀರು ಕೊಟ್ಟಿದ್ದಕ್ಕೆ, ಕಡೆಗೆ ಒಲೆಯ ಸೌದೆ ಕೊಟ್ಟಿದ್ದಕ್ಕೂ.

ಒಂದು ದಿನ ರೂತಳ ತಟ್ಟೆಯಲ್ಲಿ ನೆಲ್ಲಿಕಾಯಿಯಷ್ಟು ಬೆಲ್ಲವಿತ್ತು. ಅವರು ಕಣ್ಣು ಮುಚ್ಚಿದ್ದೇ ಒಳಗೆ ನುಗ್ಗಿ ಅದನ್ನು ಬಾಯಿಗೆ ಹಾಕಿಕೊಂಡೆ. ಇವತ್ತಾದರೂ ಅವಳು ಅಳಲಿ ಎಂಬ ಆಸೆ.

ರೂತಳು ಕಣ್ಣು ಬಿಟ್ಟಳು. ತಟ್ಟೆ ನೋಡಿದಳು, ಉಬ್ಬಿದ ನನ್ನ ಕೆನ್ನೆ ನೋಡಿದಳು.

"ಅವ್ವಾ, ಇನ್ನೊಂದ್ ಸ್ತೋತ್ರ ಯೋಳವ್ವಾ! ಇವ್ಳು ನಮ್ಮನೇಲಿ ತಿಂದ್ಲು ಕಣವ್ವಾ!"

ಅವಳವ್ವ ನಿಜವಾಗಿಯೂ ಮತ್ತೆ ಕಣ್ಣು ಮುಚ್ಚಿದಳು. ಅಳು ಬಂದದ್ದು ನನಗೆ.

ಈಗ ನಾನೂ ಉಣ್ಣುವ ಮೊದಲು ಕಣ್ಣು ಮುಚ್ಚಿ ಸ್ತೋತ್ರ ಹೇಳುತ್ತೇನೆ. ಮುಚ್ಚುವುದು ಒಂದೇ ಕಣ್ಣು. ಇನ್ನೊಂದು ತಟ್ಟೆಯ ಬೆಲ್ಲವನ್ನು ಕಾಯುತ್ತಿರುತ್ತದೆ.